ಹುದ್ದೆಯಿಲ್ಲದ ರಬ್ಬರ್ ಸ್ಟಾಂಪು

ನನಗೆ ಚಿತ್ರ ಬರೆಯಲು ಬರುವುದಿಲ್ಲ. ವಿನಯಕ್ಕೆ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಮಸ್ಕಿಯ ಪ್ರಾಥಮಿಕ ಶಾಲೆಯಲ್ಲಿ ಎಷ್ಟೋ ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಈಗಲೂ ನಾನು ಬೋರ್ಡಿನ ಮೇಲೆ ಆಕಳು ಬರೆದರೆ ಮಕ್ಕಳು ಒಟ್ಟಾಗಿ "ಟೇಬಲ್" ಅನ್ನುತ್ತಾರೆ. ನವಿಲು ಬರೆಯುವ ಧೈರ್ಯ ಇದುವರೆಗೆ ಮಾಡಿಲ್ಲ. ಇಂಥ ನಾನು ಕೈಯಾರೆ ಕಾರ್ಡು ಮಾಡಿ ಹುಟ್ಟುಹಬ್ಬಕ್ಕೆ, ಯುಗಾದಿಗೆ, ಏನೂ ಇಲ್ಲದ ಮಂಗಳವಾರಕ್ಕೆ ಕೂಡ ಕಂಡವರಿಗೆಲ್ಲ ಕಳಿಸುತ್ತಿದ್ದೇನೆಂದರೆ ಅದಕ್ಕೆ ಕಾರಣ ರಬ್ಬರ್ ಸ್ಟಾಂಪು.

ಒಂದು ಬೇಸಿಗೆ ರಜೆಯಲ್ಲಿ ಫೋನಿನಲ್ಲಿ ವಿಡಿಯೊ ನೋಡಿದೆ. ಯಾವುದೋ ದೇಶದ ಹೆಂಗಸು ಹೂವು, ಎಲೆ, ಹಕ್ಕಿಯ ಸ್ಟಾಂಪುಗಳನ್ನು ಬಣ್ಣಕ್ಕೆ ಒತ್ತಿ ಕಾಗದಕ್ಕೆ ಒತ್ತಿ, ನಾನು ಚಹಾ ಕುಡಿದು ಮುಗಿಸುವುದರೊಳಗೆ ಒಂದು ತೋಟವನ್ನೇ ಎಬ್ಬಿಸಿದಳು. ಅದುವರೆಗೆ ನನಗೆ ಗೊತ್ತಿದ್ದ ಸ್ಟಾಂಪೆಂದರೆ ಮುಖ್ಯೋಪಾಧ್ಯಾಯರ ದುಂಡನೆಯ ಸೀಲು ಮಾತ್ರ. ಅದು ಬಿದ್ದ ಕಾಗದಕ್ಕೆ ಗಾಂಭೀರ್ಯ ಬರುತ್ತದೆ, ಬೀಳದ ಕಾಗದ ವಾಪಸು ಬರುತ್ತದೆ. ಅದೇ ರಬ್ಬರು ಹೂವನ್ನೂ ಅರಳಿಸುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲು ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಒತ್ತಿ ನೋಡಿದೆ. ಹೂವು ಚೆನ್ನಾಗಿಯೇ ಬಂತು. ಆದರೆ ಅದರ ಲೋಳೆಗೆ ಎರಡು ಕಾರ್ಡು ಅಂಟಿಕೊಂಡು ಒಂದಾದವು. ಆಮೇಲೆ ಮಕ್ಕಳ ಅಳಿಸುವ ರಬ್ಬರಿನ ಮೇಲೆ ಬ್ಲೇಡಿನಿಂದ ನನ್ನ ಹೆಸರಿನ 'ಸು' ಕೆತ್ತಿದೆ. ಒತ್ತಿದರೆ ಅದು ಬೆನ್ನು ತಿರುಗಿಸಿ ನಿಂತಿತು. ನಮ್ಮೂರ ಗುಡ್ಡದ ಬಂಡೆಯ ಮೇಲೆ ಎಷ್ಟೋ ಶತಮಾನಗಳ ಹಿಂದೆ ಚಕ್ರವರ್ತಿಯೊಬ್ಬ ತನ್ನ ಮಾತನ್ನು ಕೆತ್ತಿಸಿದ್ದಾನೆ. ಆ ಕಲ್ಲುಕುಟಿಗನ ಕೆಲಸ ಕಷ್ಟದ್ದೇ, ಆದರೆ ಅವನು ಅಕ್ಷರವನ್ನು ನೇರ ಕೆತ್ತಿದರೆ ಸಾಕಿತ್ತು. ಸ್ಟಾಂಪು ಕೆತ್ತುವವರಿಗೆ ಇಡೀ ಲೋಕವನ್ನು ಕನ್ನಡಿಯಲ್ಲಿ ನೋಡುವ ಅಭ್ಯಾಸ ಬೇಕು. ನನಗೆ ನೇರ ನೋಡಿದ್ದೇ ಸರಿಯಾಗಿ ತಿಳಿಯುವುದಿಲ್ಲ.

ಹಾಗಾಗಿ ಬಸ್ಸು ಹತ್ತಿ ಸಿಂಧನೂರಿಗೆ ಹೋದೆ. ಅಲ್ಲಿ ಕಚೇರಿಗಳಿಗೆ ಸೀಲು ಮಾಡಿಕೊಡುವ ವಯಸ್ಸಾದವರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಪತ್ರಿಕೆಯಿಂದ ಕತ್ತರಿಸಿಕೊಂಡ ಜೋಳದ ತೆನೆಯ ಚಿತ್ರವೊಂದನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

"ಯಾವ ಆಫೀಸಿಂದ್ರೀ ಇದು? ಕೃಷಿ ಇಲಾಖೆದೇನು?"

"ಆಫೀಸಿಂದಲ್ಲ ಚಾಚಾ, ನಂದು."

"ಹೆಸರು ಎಲ್ಲಿ ಹಾಕ್ಲಿ? ಹುದ್ದೆ?"

"ಹೆಸರು ಬ್ಯಾಡ, ಹುದ್ದೆ ಬ್ಯಾಡ. ಬರೀ ತೆನಿ."

"ಬರೀ ತೆನಿ ಒತ್ತಿದ್ರ ಯಾವ ಕೆಲಸ ಆಕೈತ್ರೀ ಮೇಡಂ?"

ನಾನು ಚಿತ್ರವನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ. ಆದರೂ ಮಾಡಿಕೊಟ್ಟರು. ಒಂದೊಂದು ಕಾಳೂ ಎದ್ದು ಕಾಣುತ್ತಿತ್ತು.

ಆ ತೆನೆಯ ಮೊದಲ ಕಾರ್ಡು ಹೋದದ್ದು ಲಿಂಗಸುಗೂರಿಗೆ, ಅನ್ನಪೂರ್ಣಕ್ಕನಿಗೆ. ಅವಳು ನಮ್ಮ ಶಾಲೆಯಲ್ಲೇ ಟೀಚರಾಗಿದ್ದವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಕೈಬರಹ ಅಂದರೆ ಮುತ್ತು ಪೋಣಿಸಿದಂತೆ. ಶಾಲೆಯ ಪ್ರಮಾಣಪತ್ರಗಳನ್ನೆಲ್ಲ ಅವಳೇ ಬರೆಯಬೇಕಿತ್ತು. ಊರಿನ ಮದುವೆ ಕಾರ್ಡುಗಳ ಮೇಲೆ ಹೆಸರು ಬರೆಸಲು ಜನ ಅವಳ ಮನೆಗೆ ಬರುತ್ತಿದ್ದರು. ನಿವೃತ್ತಿಯಾಗಿ ಲಿಂಗಸುಗೂರಿನ ಮಗನ ಮನೆಗೆ ಹೋದ ಮರುವರ್ಷ ಅವಳಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ನಿಧಾನವಾಗಿ ಬಂತು, ಬಲಗೈ ಮಾತ್ರ ಬರಲಿಲ್ಲ. ಆಮೇಲೆ ಅವಳು ಯಾರನ್ನೂ ನೋಡಲು ಒಪ್ಪಲಿಲ್ಲ. ನಾನು ಎರಡು ಸಲ ಹೋಗಿ ಅವಳ ಸೊಸೆ ಗೌರಿಯ ಕೈಯ ಚಹಾ ಕುಡಿದು, ಮುಚ್ಚಿದ ಕೋಣೆಯ ಬಾಗಿಲು ನೋಡಿ ಬಂದಿದ್ದೆ.

ಕಾರ್ಡು ಕಳಿಸಿದ ವಾರಕ್ಕೆ ಗೌರಿ ಫೋನು ಮಾಡಿದಳು. "ಅತ್ತಿ ನಿಮ್ಮನ್ನ ಬಾ ಅಂದಾರ್ರೀ. ಏನೋ ತಪ್ಪು ಮಾಡೀರಂತ."

ಹೋದೆ. ಅನ್ನಪೂರ್ಣಕ್ಕ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಿಟಕಿಯ ಬಳಿ ಕೂತಿದ್ದಳು. ಹೇಗಿದ್ದೀ ಎಂದು ಕೇಳಲೂ ಬಿಡಲಿಲ್ಲ.

"ತೆನಿ ತಲಿಕೆಳಗ ಒತ್ತೀಯಲ್ಲಬೇ."

"ಕಾಳು ತುಂಬಿ ಬಗ್ಗೈತಕ್ಕ ಅದು."

"ನೆಲ್ಲು ಬಗ್ಗತೈತಿ. ಜೋಳ ತಲಿ ಎತ್ತಿ ನಿಂದರತೈತಿ. ಸಂತೆಕಲ್ಲೂರಿನ ಜೋಳದ ಹೊಲದಾಗ ಬೆಳೆದಾಕಿಗೆ ಹೇಳಾಕ ಬರಬ್ಯಾಡ."

ಆ ಬೈಗುಳ ಕೇಳಿ ನನಗಾದ ಸಂತೋಷ ಹೇಳತೀರದು. ಚೀಲದಿಂದ ಸ್ಟಾಂಪು, ಪ್ಯಾಡು, ಕಾಗದ ತೆಗೆದು ಅವಳ ಮುಂದಿಟ್ಟು, "ಹಂಗಾದ್ರ ನೀನ ಒತ್ತಿ ತೋರಿಸು" ಅಂದೆ. ಅವಳು ಒಮ್ಮೆ ಸ್ಟಾಂಪು, ಒಮ್ಮೆ ನನ್ನ ಮುಖ ನೋಡಿದಳು. ಕೊನೆಗೆ ಎಡಗೈಯಿಂದ ಸ್ಟಾಂಪು ಹಿಡಿದು ಒತ್ತಿದಳು. ಕೈ ಜಾರಿತು. ಅರ್ಧ ತೆನೆ ಬಿತ್ತು, ಉಳಿದರ್ಧ ಮಸಿಯಾಗಿ ಹರಡಿತು. ಅವಳು ಕಾಗದವನ್ನು ದೂರ ತಳ್ಳಿದಳು.

"ತಗೊಂಡು ಹೋಗು. ಇದರಾಗ ಏನೈತಿ."

ಸಮಾಧಾನದ ಮಾತು ಹೇಳುವುದರಲ್ಲಿ ನಾನು ಚಿತ್ರ ಬರೆಯುವುದಕ್ಕಿಂತ ದಡ್ಡಿ. ಪೆನ್ನು ತೆಗೆದು ಆ ಹರಡಿದ ತೆನೆಯ ಪಕ್ಕದಲ್ಲಿ ಒಂದು ಆಕಳು ಬರೆದೆ. ಅನ್ನಪೂರ್ಣಕ್ಕ ಕುತ್ತಿಗೆ ವಾಲಿಸಿ ನೋಡಿದಳು.

"ಸುಮಾ, ಇನ್ನಾ ನಿನ್ನ ಆಕಳು ಸುಧಾರಿಸಿಲ್ಲೇನು?"

ನಕ್ಕಳು. ಬಾಯಿ ಒಂದು ಕಡೆ ಸ್ವಲ್ಪ ವಾಲಿತು, ಆದರೂ ಅದು ಅವಳದೇ ನಗೆ. ಅಡುಗೆಮನೆಯಿಂದ ಗೌರಿ ಬಂದು ಬಾಗಿಲಲ್ಲಿ ನಿಂತಳು. ಅವಳ ಕಣ್ಣು ತುಂಬಿತ್ತು.

ನಗು ನಿಂತ ಮೇಲೆ ಅನ್ನಪೂರ್ಣಕ್ಕ ತಾನೇ ಸ್ಟಾಂಪಿಗೆ ಕೈಯೊಡ್ಡಿದಳು. ಈ ಸಲ ಬಣ್ಣಕ್ಕೆ ಒಮ್ಮೆ ಒತ್ತಿ, ಮತ್ತೆ ಪ್ಯಾಡಿನವರೆಗೆ ಕೈ ಸಾಗಿಸುವುದು ಕಷ್ಟವಾಗಿ, ಅದರಲ್ಲೇ ಐದಾರು ಸಲ ಕಾಗದದ ಮೇಲೆ ಒತ್ತುತ್ತ ಹೋದಳು. ಮೊದಲ ತೆನೆ ಕಡುಹಸಿರು, ಎರಡನೆಯದು ತಿಳಿ, ಕೊನೆಯದು ಇದೆಯೋ ಇಲ್ಲವೋ ಎಂಬಷ್ಟು ಮಾಸಲು. ಬಣ್ಣ ಹಚ್ಚಿಕೊಡೋಣವೆಂದು ನಾನು ಕೈ ಚಾಚಿದೆ. ಅವಳು ತಡೆದಳು.

"ಇರು. ಹಿಂದಿನವು ದೂರ ಹೋದಂಗ ಕಾಣಾಕತ್ತಾವ, ನೋಡು. ಹೊಲದ ಬದುವಿನ ಮ್ಯಾಲ ನಿಂತು ನೋಡಿದ್ರ ಹಿಂಗ ಕಾಣತೈತಿ."

ನಿಜ. ಕಾಗದದ ಮೇಲೊಂದು ಹೊಲವಿತ್ತು. ಮೂರು ವರ್ಷ ವಿಡಿಯೊ ನೋಡಿದ್ದರೂ ನನಗೆ ಇದು ಹೊಳೆಯುತ್ತಿರಲಿಲ್ಲ.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಭಾನುವಾರ ನಾನು ಲಿಂಗಸುಗೂರಿನ ಬಸ್ಸಿನಲ್ಲಿರುತ್ತೇನೆ. ಗೌರಿ ಎಲ್ಲಿಂದಲೋ ಖಾಲಿ ಹಾಳೆಯ ದಪ್ಪ ಡೈರಿಯೊಂದನ್ನು ಹುಡುಕಿ ಕೊಟ್ಟಳು. ಅದರಲ್ಲಿ ಅನ್ನಪೂರ್ಣಕ್ಕ ದಿನಕ್ಕೊಂದು ಪುಟ ಮಾಡುತ್ತಾಳೆ: ಚಹಾಪುಡಿ ಪೊಟ್ಟಣದ ಚೂರು, ನನ್ನ ಬಸ್ಸಿನ ಟಿಕೆಟು, ಮೊಮ್ಮಗಳ ರಿಬ್ಬನ್ನಿನ ತುಂಡು, ಅವುಗಳ ಸುತ್ತ ಸ್ಟಾಂಪು. ಇದಕ್ಕೆ ಆರ್ಟ್ ಜರ್ನಲ್ ಎನ್ನುತ್ತಾರೆಂದು ವಿಡಿಯೊದಲ್ಲಿ ಕಲಿತದ್ದನ್ನು ಹೇಳಿದೆ. "ಅನ್ನಲಿ ಬಿಡು" ಅಂದಳು. ಎಲ್ಲ ಪುಟಗಳೂ ಚೆಂದವೇನಲ್ಲ. ಕೆಲವು ಪುಟಗಳಲ್ಲಿ ಒಂದೇ ಕರಿ ಕಲೆ ಇರುತ್ತದೆ. ಅಂಥ ಪುಟ ಬಂದಾಗ ನಾನು ಏನೂ ಕೇಳದೆ ತಿರುವುತ್ತೇನೆ. ಬಲಗೈ ಇನ್ನೂ ಬಂದಿಲ್ಲ. ಆದರೆ ಅದೀಗ ಸೆರಗಿನ ಒಳಗಿಲ್ಲ. ಕಾಗದ ಸರಿಯದಂತೆ ಅದರ ಮೇಲೆ ಭಾರ ಬಿಟ್ಟು ಕೂತಿರುತ್ತದೆ. ಅದಕ್ಕೂ ಒಂದು ಕೆಲಸ ಸಿಕ್ಕಿದೆ.

ಹೊಸ ಸ್ಟಾಂಪಿಗಾಗಿ ಸಿಂಧನೂರಿಗೆ ಹೋದಾಗ ಚಾಚಾ ಅವರಿಗೆ ಇದನ್ನೆಲ್ಲ ಹೇಳಿದೆ. ಅವರು ಕೆಲಸ ನಿಲ್ಲಿಸಿ ಕೇಳಿದರು. ಮುಂದಿನ ಸಲ ನಾಲ್ಕು ಸ್ಟಾಂಪುಗಳನ್ನು ಮುಂದಿಟ್ಟರು. ಎಲ್ಲದರ ಹಿಡಿಕೆಯೂ ಲಿಂಬೆಹಣ್ಣಿನಷ್ಟು ದಪ್ಪ.

"ಎಡಗೈಲೆ ಹಿಡಿಯಾಕ ಸಲೀಸಾಕೈತ್ರೀ ಅಕ್ಕಾರಿಗೆ" ಅಂದರು. "ಒಂದು ಹಕ್ಕಿ ನಾನ ಹಾಕೀನಿ. ನೀವು ಕೇಳಿದ್ದಿಲ್ಲ. ಇರ್ಲಿ ಅಂತ."

ಕಳೆದ ತಿಂಗಳು ಅಂಚೆಯವರು ಶಾಲೆಗೆ ಬಂದು ನನಗೊಂದು ಲಕೋಟೆ ಕೊಟ್ಟರು. ಮೂಲೆಯಲ್ಲಿ ಹಕ್ಕಿಯ ಸ್ಟಾಂಪು. ನಡುವೆ ನನ್ನ ವಿಳಾಸ, ಪೆನ್ನಿನಲ್ಲಿ ಬರೆದದ್ದು. ಒಂದೊಂದು ಅಕ್ಷರವೂ ಒಂದೊಂದು ದಿಕ್ಕಿಗೆ ವಾಲಿತ್ತು, 'ಮಸ್ಕಿ'ಯ ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದುಹೋಗಿತ್ತು. ನಾನು ಅದನ್ನು ಒಡೆಯದೆ ಹಿಡಿದುಕೊಂಡು ನಿಂತೇ ಇದ್ದೆ.

"ಯಾರಿಗೆ ಬಂದದ್ದಂತ ಓದಾಕ ನಮ್ಮ ಆಫೀಸಿನಾಗ ಮೂರು ಮಂದಿ ಕೂತಿದ್ವಿರೀ" ಅಂದರು ಅಂಚೆಯವರು. "ಒಂದನೇ ಕ್ಲಾಸಿನ ಹುಡುಗ್ರು ಬರದಿದ್ದೇನು?"

"ಹೌದ್ರೀ. ಈ ವರ್ಷ ಸೇರ್ಯಾರ."

"ಅಕ್ಷರ ದುಂಡಗಾಗಾಕ ಇನ್ನಾ ಟೈಮ್ ಬೇಕು ಬಿಡ್ರಿ."

"ಆಗ್ಲಿರೀ" ಅಂದೆ. "ಅವಸರ ಏನೈತಿ."