ಚಿತ್ರದಲ್ಲಿಲ್ಲದ ರೊಟ್ಟಿ

ಶರಣಮ್ಮಾ, ಅವತ್ತು ಡಾಕ್ಟರ ಮುಂದೆ ನಾನು ನಿನ್ನ ಮಾತನ್ನು ತಿರುಚಿ ಹೇಳಿದೆ. ಮೂರು ವರ್ಷದಿಂದ ಇದು ನನ್ನ ಗಂಟಲಲ್ಲೇ ಕೂತಿದೆ — ನುಂಗಲೂ ಆಗದು, ಉಗುಳಲೂ ಆಗದು.

ತೆಲುಗು ಸೀಮೆಯ ಉಪ್ಪಲ್‌ನಲ್ಲಿ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿಗೆ ನಾನು ಆಹಾರದ ಚಿತ್ರಪಟ ಹಿಡಿದು ಬರುತ್ತಿದ್ದೆ. ಕಲಬುರಗಿ ಕಡೆಯ ನಿಮಗೆಲ್ಲ ಕನ್ನಡದಲ್ಲಿ ತಿಳಿಸಿ ಹೇಳಲು ನಮ್ಮ ಆರೋಗ್ಯ ಸಂಸ್ಥೆಯಲ್ಲಿದ್ದವಳು ನಾನೊಬ್ಬಳೇ, ಆ ಜಂಬ ಬೇರೆ! ಪಟದಲ್ಲಿ ಒಂದು ದೊಡ್ಡ ತಟ್ಟೆ — ಸೊಪ್ಪು, ಬೇಳೆ, ಮೊಟ್ಟೆ, ಬೆಳ್ಳಗೆ ಅನ್ನ. ನಿನಗೆ ಸಕ್ಕರೆ ಕಾಯಿಲೆ. ಎಲ್ಲರಿಗಿಂತ ಮುಂದೆ ಕೂತಿದ್ದವಳು ನೀನೇ.

"ಅಕ್ಕಾರ, ಇದರಾಗ ನಮ್ಮ ಜ್ವಾಳದ ರೊಟ್ಟಿ ಕಾಣವಲ್ದಲ್ರಿ?"

ಪಟ ಬರೆದವರಿಗೆ ರೊಟ್ಟಿ ಹೊಳೆದಿರಲಿಲ್ಲ, ಅಷ್ಟೇ. ಅನ್ನ ಉಣ್ಣುವ ಮೈಸೂರು ಕಡೆಯ ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಆದರೆ ಇನ್ನೂ ನಾಲ್ಕು ಶೆಡ್ಡು ಬಾಕಿ, ಸುಡು ಬಿಸಿಲು, ಅಷ್ಟು ಜನರೆದುರು ಗೊತ್ತಿಲ್ಲ ಅನ್ನುವುದೇ... "ಚಿತ್ರದಲ್ಲಿ ಇರೋದನ್ನಷ್ಟೇ ತಿನ್ನಮ್ಮಾ," ಎಂದುಬಿಟ್ಟೆ.

ನೀನು ಪಟವನ್ನು ಒಲೆಯ ಮೇಲಿನ ತಗಡಿಗೆ ಅಂಟಿಸಿಕೊಂಡೆ. ಮನೆಯವರಿಗೆಲ್ಲ ರೊಟ್ಟಿ ಬಡಿದು ಹಾಕಿ ನೀನು ಮಾತ್ರ ಅನ್ನ ಉಂಡೆ. ರೊಟ್ಟಿಯ ಹಸಿವು ಅನ್ನಕ್ಕೆ ತೀರುತ್ತದೆಯೇ? ಹೊತ್ತು ಹೊತ್ತಿಗೂ ತಟ್ಟೆ ತುಂಬ ಉಂಡೆ.

ಕಾಲಿನ ಗಾಯ ಮಾಯದೆ ಹೋದಾಗ ನಾನೇ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಿಗೆ ತೆಲುಗು, ನಿನಗೆ ಕನ್ನಡ, ನಡುವೆ ನಾನು. ಏನು ಉಣ್ಣುತ್ತಾಳೆ ಎಂದು ಅವರು ಕೇಳಿದರು.

"ನೀವು ತೋರ್ಸಿದ ಚಿತ್ರದಾಗ ಇದ್ದಂಗ ಅನ್ನ ಉಣ್ಣಾಕತ್ತೀನ್ರಿ ಅಕ್ಕಾರ. ರೊಟ್ಟಿ ಬಾಯಿಗಿಟ್ಟಿಲ್ಲ, ಆಣಿ ಮಾಡಿ ಹೇಳ್ತೀನಿ."

ನಾನು ತೆಲುಗಿನಲ್ಲಿ ಹೇಳಿದ್ದು — ಎಷ್ಟು ಹೇಳಿದರೂ ಕೇಳುವುದಿಲ್ಲ ಸಾರ್, ಅನ್ನ ಬಿಡುವುದಿಲ್ಲ.

ಅನ್ನ ಕಮ್ಮಿ ಮಾಡಿ ರೊಟ್ಟಿ ತಿನ್ನಬಾರದೇ ಎಂದು ಅವರು ನಿನ್ನ ಮೇಲೆ ರೇಗಿದರು. "ಏನಂತಾರ್ರಿ?" ಎಂದು ನೀನು ನನ್ನ ಮುಖ ನೋಡಿದೆ. ಕಾಲು ಜೋಪಾನ ಅಂತಿದಾರೆ, ಎಂದೆ. ಅಯ್ಯೋ, ಎಂಥ ನಾಲಿಗೆ ನನ್ನದು! ಅನ್ನ ಕಮ್ಮಿ ಮಾಡು, ರೊಟ್ಟಿ ತಿನ್ನು ಅನ್ನಬೇಕಾದರೆ ಮೊದಲು ಹೇಳಿದ್ದು ತಪ್ಪೆಂದು ಒಪ್ಪಬೇಕು. ಒಪ್ಪಿದರೆ ಡಾಕ್ಟರಿಗೆ ತಿಳಿಯುತ್ತದೆ, ಆಫೀಸಿಗೆ ತಿಳಿಯುತ್ತದೆ — ತಪ್ಪಿಸಿಕೊಳ್ಳಲು ಯಾವ ಕಡೆಗೂ ಬಾಗಿಲಿರಲಿಲ್ಲ. ನೀನು ಶೆಡ್ಡಿಗೆ ಹೋಗಿ ಮತ್ತೆ ಅನ್ನವನ್ನೇ ಉಂಡೆ. ಎರಡು ತಿಂಗಳಲ್ಲಿ ನಿನ್ನ ಕಾಲಿನ ಹೆಬ್ಬೆರಳು ತೆಗೆದರು.

ಅದಕ್ಕೆ ಬೇರೆ ಕಾರಣವೂ ಇರಬಹುದು. ಆ ಮಾತಿನ ಹಿಂದೆ ನಾನು ಅವಿತುಕೊಳ್ಳಲಾರೆ.

ಮೊನ್ನೆ ಫೋನಿನಲ್ಲಿ ನೀನು ಅಂದೆ: "ಇವತ್ತಿಗೂ ರೊಟ್ಟಿ ಮುಟ್ಟಿಲ್ರಿ ಅಕ್ಕಾರ. ನಿಮ್ಮ ಮಾತ ಮೀರಿಲ್ಲ." ಆಗಲೂ ನನ್ನ ಬಾಯಿಂದ ಬಂದದ್ದು — ಒಳ್ಳೇದಮ್ಮ.

ಇದನ್ನೆಲ್ಲ ಇಷ್ಟು ಸಲೀಸಾಗಿ ಬರೆಯುತ್ತಿರುವುದೂ ನಿನಗೆ ಓದಲು ಬಾರದೆಂಬ ಧೈರ್ಯದಿಂದಲೇ, ಶರಣಮ್ಮಾ. ನಾಳೆ ನಿನ್ನೆದುರು ಕೂತು ನಾನೇ ಓದುತ್ತೇನೆ.