ಚಿತ್ತರಂಜನನ ಸಹಿ

ಶಮೀಮಾ ಕುದ್ರೋಳಿಯ ಬಾಡಿಗೆ ಮನೆಯಲ್ಲಿ ಪತ್ತಿರ್ ಎಂಬ ಅಕ್ಕಿರೊಟ್ಟಿ ತಟ್ಟಿ ಎರಡು ಹೋಟೆಲುಗಳಿಗೆ ಕೊಡುತ್ತಿದ್ದಳು. ಹದಿನಾರು ವರ್ಷ ಅದೇ ಅಡುಗೆಮನೆ. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತೇನೆ, ಏಪ್ರಿಲ್ ಮುಗಿಯುವುದರೊಳಗೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿದಾಗ, ಅವಳು ಅದೇ ಓಣಿಯ ಗುಲಾಬಿಯಕ್ಕನ ಹಂಚಿನ ಮನೆಯನ್ನು ಕೊಳ್ಳಲು ಮುಂಗಡ ಕೊಟ್ಟಳು. ಹಿತ್ತಿಲಲ್ಲಿ ಸೌದೆ ಒಲೆ ಹೂಡುವಷ್ಟು ಜಾಗವಿತ್ತು. ಮೊಣಕಾಲು ಸೋತಿದ್ದ ಗುಲಾಬಿಯಕ್ಕ ಬಿಕರ್ನಕಟ್ಟೆಯ ಮಗಳ ಮನೆಗೆ ಹೊರಟಿದ್ದಳು.

ಕಾಗದಪತ್ರಗಳನ್ನು ನೋಡಿದವಳು ಕೊಡಿಯಾಲ್‌ಬೈಲಿನ ವಕೀಲೆ ಮೆಲಿಸಾ. ಹಳೆಯ ಪಡಿತರ ಚೀಟಿಯ ನಕಲಿನ ಮೇಲೆ ಅವಳ ಬೆರಳು ನಿಂತಿತು.

"ಮನೆ ನಿಮ್ಮ ಅಮ್ಮನ ಹೆಸರಲ್ಲಿ ಇದ್ದದ್ದು. ಈ ಚಿತ್ತರಂಜನ ಯಾರು?"

"ತಮ್ಮ," ಎಂದಳು ಗುಲಾಬಿಯಕ್ಕ. "ತೀರಿಹೋಗಿದ್ದಾನೆ."

"ಮರಣ ಪ್ರಮಾಣಪತ್ರ ಉಂಟಾ?"

ಇರಲಿಲ್ಲ. ಮೂವತ್ತೆರಡು ವರ್ಷಗಳ ಹಿಂದೆ ಅಮ್ಮನೊಂದಿಗೆ ಜಗಳವಾಡಿ ಹೋದವನು ತಿರುಗಿ ಬಂದಿರಲಿಲ್ಲ. ಯಾರೋ ಕೇಳಿದಾಗ ಒಮ್ಮೆ ಸತ್ತಿದ್ದಾನೆ ಎಂದಿದ್ದಳು. ಮತ್ತೆ ಅದನ್ನೇ ಹೇಳುತ್ತ ಬಂದಳು.

"ಅವರ ಸಹಿ ಇಲ್ಲದೆ ತಗೊಂಡ್ರೆ ನಾಳೆ ಅವರೋ ಅವರ ಮಕ್ಕಳೋ ಕೋರ್ಟಿಗೆ ಹೋಗಬಹುದು," ಎಂದು ಮೆಲಿಸಾ ಶಮೀಮಾಳ ಕಡೆ ತಿರುಗಿದಳು. "ಸತ್ತಿದ್ದಾರೆ ಅಂತ ಕೋರ್ಟೇ ಹೇಳಬೇಕಾದರೆ ವರ್ಷಗಟ್ಟಲೆ ಆದೀತು. ಮೊದಲು ಪೇಪರಿನಲ್ಲಿ ನೋಟಿಸ್ ಕೊಡುವ."

ದಮ್ಮಾಮಿನಲ್ಲಿ ಕೆಲಸಕ್ಕಿದ್ದ ಶಮೀಮಾಳ ಗಂಡ ನಿಯಾಝ್ ದಿನವೂ ಫೋನು ಮಾಡಿದ. "ಮುಂಗಡ ವಾಪಸ್ ಕೇಳು. ಬೇರೆ ಮನೆ ನೋಡುವ." ಆದರೆ ಬೇರೆ ಮನೆ ಎಲ್ಲಿ? ಸೌದೆ ಒಲೆಯ ಹೊಗೆ ಎಂದರೆ ಯಾರೂ ಬಾಡಿಗೆಗೂ ಕೊಡುತ್ತಿರಲಿಲ್ಲ. ಏಪ್ರಿಲ್ ಬಂತು. ಶಮೀಮಾ ಪಾತ್ರೆಗಳನ್ನು ಗೋಣಿಗೆ ಕಟ್ಟುವುದು, ಮರುದಿನದ ಕೆಲಸಕ್ಕೆಂದು ಮತ್ತೆ ಬಿಚ್ಚುವುದು, ಹೀಗೇ ದಿನ ಕಳೆಯುತ್ತಿದ್ದಳು. ಪತ್ತಿರ್ ತಡವಾಗುತ್ತದೆ ಎಂದು ಒಂದು ಹೋಟೆಲಿನವರು ಬೇರೆಯವರಿಂದ ತರಿಸತೊಡಗಿದರು.

ನೋಟಿಸು ಅಚ್ಚಾದ ಹನ್ನೊಂದನೇ ದಿನ ಮೆಲಿಸಾಳ ಕಚೇರಿಗೆ ಕೊಲ್ಲಾಪುರದಿಂದ ಕರೆ ಬಂತು. ಯಾರೋ ನೋಟಿಸಿನ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದ್ದರಂತೆ. ಅಲ್ಲಿನ ಹೋಟೆಲೊಂದರ ಕ್ಯಾಶಿಯರ್, "ನಾನೇ ಚಿತ್ತರಂಜನ, ಬದುಕಿದ್ದೇನೆ," ಎಂದ.

ಸುದ್ದಿ ಕೇಳಿ ಗುಲಾಬಿಯಕ್ಕ ಬಾವಿಕಟ್ಟೆಯ ಮೇಲೆ ಕೂತು ಅತ್ತಳು. ಶಮೀಮಾ ಅವಳ ಬೆನ್ನು ಸವರಿದಳು. ಆದರೆ ಶಮೀಮಾಳ ಮನಸ್ಸಿಗೆ ಮೊದಲು ಬಂದದ್ದು, ಮನೆ ಕೈತಪ್ಪಿತು ಎಂಬ ಮಾತು. ಅದಕ್ಕೆ ಅವಳಿಗೆ ನಾಚಿಕೆಯಾಯಿತು.

ಚಿತ್ತರಂಜನ ಬಂದ. ನರೆತ ತಲೆ, ಮಾತಿನಲ್ಲಿ ಮರಾಠಿಯ ಎಳೆತ. ಎರಡು ದಿನ ಕೋಣೆ ಕೋಣೆ ತಿರುಗಿದ. ಮೂರನೆಯ ದಿನ, "ಅಮ್ಮನ ಮನೆ ಮಾರುದು ಬೇಡ ಅಕ್ಕ. ನಾನು ಸಹಿ ಹಾಕುದಿಲ್ಲ," ಎಂದ.

ಜಗಲಿಯಲ್ಲಿ ನಿಂತಿದ್ದ ಶಮೀಮಾ ಬೆರಳು ಮಡಚಿ ದಿನ ಎಣಿಸಿದಳು. ಗಡುವಿಗೆ ನಾಲ್ಕೇ ದಿನ ಉಳಿದಿತ್ತು.

"ಆಗಬಹುದು," ಎಂದಳು ಗುಲಾಬಿಯಕ್ಕ. "ನೀನು ಇಲ್ಲಿ ಇರ್ತೀಯಾ? ಇರುದಾದ್ರೆ ನಾನು ಮಾರುದಿಲ್ಲ. ಶಮೀಮಾನ ಕಾಲು ಹಿಡಿದು ಕ್ಷಮೆ ಕೇಳ್ತೇನೆ."

ಕೊಲ್ಲಾಪುರದಲ್ಲಿ ಅವನಿಗೆ ಹೆಂಡತಿ, ಮಕ್ಕಳು, ಕೆಲಸ ಎಲ್ಲವೂ ಇದ್ದವು. ಮರುದಿನ ಬೆಳಿಗ್ಗೆ ತಾನಾಗಿಯೇ ವಕೀಲೆಯ ಕಚೇರಿಗೆ ಹೋಗಿ, "ಎಲ್ಲಿ ಹಾಕಬೇಕು ಹೇಳಿ," ಎಂದ. ಮಾರಿದ ಹಣದಲ್ಲಿ ಅರ್ಧ ಪಾಲು ಅವನಿಗೆ ಎಂದು ಗುಲಾಬಿಯಕ್ಕನೇ ಬರೆಸಿದಳು.

ಅಲ್ಲಿಗೂ ಮುಗಿಯಲಿಲ್ಲ. ಅವನ ಆಧಾರ್ ಕಾರ್ಡಿನಲ್ಲಿ ಬರೇ 'ರಂಜನ್' ಎಂದಿತ್ತು. ಎರಡೂ ಹೆಸರು ಒಬ್ಬನದೇ ಎಂದು ತೋರಿಸಲು ಹಳೆಯ ಶಾಲೆಯ ದಾಖಲೆ ಹುಡುಕಬೇಕಾಯಿತು, ಅಫಿಡವಿಟ್ ಮಾಡಿಸಬೇಕಾಯಿತು. ಆ ಎಂಟು ವಾರ ಶಮೀಮಾ ಬಾಡಿಗೆ ಮನೆ ಬಿಟ್ಟು, ಸಾಮಾನುಗಳನ್ನು ತಂಗಿಯ ಮನೆಯ ಜಗಲಿಯಲ್ಲಿ ಪೇರಿಸಿಟ್ಟು, ಒಂದೂ ಪತ್ತಿರ್ ತಟ್ಟದೆ ಕಳೆದಳು. ಅಷ್ಟು ದಿನ ಅವಳ ಕೈ ಸುಮ್ಮನಿದ್ದದ್ದು ಅದೇ ಮೊದಲು.

ಜೂನ್ ಕೊನೆಗೆ ನೋಂದಣಿಯಾಯಿತು. ಹೆಬ್ಬೆಟ್ಟು ಒತ್ತುವಾಗ ಅವಳ ಗುರುತು ಸರಿಯಾಗಿ ಮೂಡದೆ, ಎರಡು ಬಾರಿ ಒತ್ತಬೇಕಾಯಿತು.

ಈಗ ಹಿತ್ತಿಲಲ್ಲಿ ಒಲೆ ಉರಿಯುತ್ತದೆ. ಬಿಟ್ಟುಹೋಗಿದ್ದ ಹೋಟೆಲಿನವರೂ ಮರಳಿದ್ದಾರೆ. ಆದರೂ ಗುರುತಿಲ್ಲದ ಯಾರಾದರೂ ಗೇಟಿನ ಹತ್ತಿರ ನಿಂತು ಮನೆಯತ್ತ ನೋಡಿದರೆ, ಶಮೀಮಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕೇಳುತ್ತಾಳೆ: "ಯಾರು? ಎಂತ ಬೇಕಿತ್ತು?"