ಉಣ್ಣೆ ಕತ್ತರಿಗೆ ಸಿಕ್ಕ ಪ್ಲಾಸ್ಟರ್

ಆಟಗಾರರ ಮೂಳೆ ಡಾಕ್ಟರೆಂದು ನನಗೆ ಹೆಸರು ಬಂದದ್ದು ಆಮೇಲೆ. ಎಪ್ಪತ್ತರ ದಶಕದಲ್ಲಿ, ಚಿತ್ರದುರ್ಗದಲ್ಲಿ ನಾನಿನ್ನೂ ಹೊಸಬ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ರೋಗಿ ಮಾತು ಮುಗಿಸುವ ಮೊದಲೇ ನನ್ನ ಕೈ ಪ್ಲಾಸ್ಟರ್ ಪಟ್ಟಿಯನ್ನು ನೀರಿಗೆ ಅದ್ದುತ್ತಿತ್ತು.

ತಾಳ್ಯ ಕಡೆಯ ಕುರಿಗಾರರ ಮನೆಯ ಕಬಡ್ಡಿ ಆಟಗಾರನೊಬ್ಬ ಮಂಡಿ ತಿರುಚಿಕೊಂಡು ಬಂದಿದ್ದ. ತೊಡೆಯಿಂದ ಪಾದದವರೆಗೂ ಪ್ಲಾಸ್ಟರ್ ಹಾಕಿ, ತಿಂಗಳೊಪ್ಪತ್ತು ಆಟದ ಸುದ್ದಿ ಎತ್ತಬೇಡವೆಂದು ಗದರಿ ಕಳಿಸಿದೆ. ಮತ್ತೆ ತೋರಿಸಲು ಬಂದಾಗ ಪ್ಲಾಸ್ಟರಿನ ಸುತ್ತ ಕಂಬಳಿ ನೂಲಿನ ಕಟ್ಟು ಕಂಡಿತು. ಬಿಚ್ಚಿದೆ. ಪ್ಲಾಸ್ಟರ್ ಶೇಂಗಾ ಸಿಪ್ಪೆಯಂತೆ ಎರಡು ಹೋಳಾಯಿತು. ಒಳಗೆ, ಊದಿದ ಮಂಡಿಯ ತುಂಬ ಕಬಡ್ಡಿ ಅಂಕಣದ ಕೆಮ್ಮಣ್ಣು!

"ಯಾವನಲೇ ಇದನ್ನ ಕತ್ತರಿಸಿದ್ದು?" ಎಂದು ಕೂಗಾಡಿದೆ.

"ನಾನೇ ಸಾರ್, ಕುರಿ ಉಣ್ಣೆ ಕತ್ತರಿಸೋ ಕತ್ರೀಲಿ," ಎಂದ ಜೊತೆಗೆ ಬಂದಿದ್ದ ಅಣ್ಣ, ಒಂದಿಷ್ಟೂ ಅಳುಕದೆ. "ಚಿಕ್ಕಜಾಜೂರಾಗೆ ಪಂದ್ಯ ಇತ್ತು. ಆಟಕ್ಕೆ ಬಿಚ್ಚಿದ್ವಿ, ಆಟ ಮುಗಿದ ಮೇಲೆ ಹಂಗೇ ಕಟ್ಟಿದ್ವಿ."

"ಪಂದ್ಯ ಐತೆ ಅಂತ ಮೊದಲೇ ಹೇಳಾಕೆ ಏನಾಗಿತ್ತು?"

ಆಟಗಾರ ಮೆಲ್ಲಗೆ ಹೇಳಿದ: "ನೀವು ಒಂದ್ಕಡೆ ನಿಂತಿದ್ರೆ ಹೇಳ್ತಿದ್ದೆ ಸಾರ್."

ನಾನು ಕುರ್ಚಿ ಎಳೆದು ಕೂತೆ. ಕೂತೆ ಅನ್ನುವುದಷ್ಟೇ, ಮೇಜಿನಡಿ ನನ್ನ ಎರಡೂ ಮಂಡಿಗಳು ಕುಣಿಯುತ್ತಿದ್ದವು.

"ಸರಿ, ಮುಂದಿನ ಪಂದ್ಯ ಯಾವಾಗಪ್ಪ?"

ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾಳೇನೇ ಸಾರ್. ಹೊಸದುರ್ಗದಾಗೆ."